ಒಂಟೆಯವನಿಗೆ ಗೋರಿ, ಜಟಕಾದವನಿಗೆ ಗುಜರಿ

'ನಿಮ್ಮ ಇತಿಹಾಸ ಏನು?' ಎಂದು ಯಾರಾದರೂ ಕೇಳಿದ ಕೂಡಲೇ ನಾವು ಮುಸ್ಲಿಮರು ಬಾದಶಹರ ಹೆಸರು ಹೇಳಲು ಶುರು ಮಾಡುತ್ತೇವೆ. ಬಹಮನಿ, ಆದಿಲ್‌ಶಾಹಿ, ಟಿಪ್ಪು. ಕೇಳಿದವರಿಗೂ ಬೇಕಾದದ್ದು ಅದೇ. ಅವರು ಬಾದಶಹರ ಕತ್ತಿ ತೋರಿಸಿ ನಮ್ಮನ್ನು ಬೈಯುತ್ತಾರೆ, ನಾವು ಬಾದಶಹರ ಗುಮ್ಮಟ ತೋರಿಸಿ ಬೀಗುತ್ತೇವೆ. ಇಷ್ಟೆಲ್ಲ ಜಗಳವಾಡುವ ಎರಡೂ ಕಡೆಯವರು ಒಂದು ಮಾತನ್ನು ಮಾತ್ರ ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ. ಇತಿಹಾಸವೆಂದರೆ ಆಳಿದವರದ್ದು, ಗಾಡಿ ಹೊಡೆದವರಿಗೆ, ಮಗ್ಗದಲ್ಲಿ ಕೂತವರಿಗೆ, ಹಾಸಿಗೆ ಹೊಲಿದವರಿಗೆ, ಪಾತ್ರೆಗೆ ಕಲಾಯಿ ಹಾಕಿದವರಿಗೆ ಅದರಲ್ಲಿ ಪಾಲಿಲ್ಲ. ಈ ಒಪ್ಪಂದವೇ ಮೋಸ ಎಂಬುದು ನಮ್ಮ ವಾದ. ಇದು ಮನವರಿಕೆಯಾಗಲು ನಾವು ಅಷ್ಟು ದೂರದ ಅಮೆರಿಕಕ್ಕೆ ಹೋಗಬೇಕಾಯಿತು ಎಂಬುದು ನಮಗೇ ನಾಚಿಕೆ.

ಕಳೆದ ಚಳಿಗಾಲದಲ್ಲಿ ಅರಿಜೋನಾ ರಾಜ್ಯದಲ್ಲಿರುವ ಆಪಾ ಅವರ ಮನೆಗೆ ಹೋಗಿದ್ದೆವು. ಭಾವ ನಮಗಾಗಿ ಒಂದು ಆರ್.ವಿ. ಬಾಡಿಗೆಗೆ ತಂದರು. ಒಲೆ, ಮಂಚ, ನೀರಿನ ತೊಟ್ಟಿ, ಕಕ್ಕಸು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಬಸ್ಸಿನಂಥ ವಾಹನ ಅದು. ಅಲ್ಲಿ ನಿವೃತ್ತರಾದ ಗಂಡ ಹೆಂಡತಿ ಇಂಥ ವಾಹನದಲ್ಲೇ ತಿಂಗಳುಗಟ್ಟಲೆ ತಿರುಗುವುದುಂಟು. ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದಾಗ ಅವರೆಲ್ಲ ಗುಂಪುಗುಂಪಾಗಿ ದಕ್ಷಿಣದ ಮರುಭೂಮಿಗೆ ಇಳಿದು ಬರುತ್ತಾರೆ. ಹಾಗೆ ಬಂದವರು ಬೀಡುಬಿಡುವ ದೊಡ್ಡ ತಾಣ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರು. ಫೀನಿಕ್ಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. 2020ರ ಜನಗಣತಿಯ ಪ್ರಕಾರ ಅಲ್ಲಿನ ಖಾಯಂ ಜನಸಂಖ್ಯೆ 2,413. ಜನವರಿಯಲ್ಲಿ ಹರಳು ಕಲ್ಲುಗಳ ಸಂತೆ ನಡೆಯುವಾಗ ಮಾತ್ರ ಲಕ್ಷಾಂತರ ಜನ ಸೇರುತ್ತಾರೆ. ಕಣ್ಣು ಹಾಯುವವರೆಗೂ ಮರಳಿನ ಮೇಲೆ ಬಿಳಿಯ ವಾಹನಗಳು. ನಮಗಂತೂ ಉರುಸಿನ ನೆನಪಾಯಿತು.

ಮನೆಯನ್ನೇ ಹೊತ್ತುಕೊಂಡು ತಿರುಗುವವರು ಪರಊರು ನೋಡುವುದುಂಟೇ ಎಂಬ ಅನುಮಾನ ನಮಗೆ ಮೊದಲಿನಿಂದಲೂ ಇತ್ತು. ತನ್ನದೇ ಒಲೆಯ ಚಹಾ, ತನ್ನದೇ ದಿಂಬು, ತನ್ನದೇ ಟಿ.ವಿ. ಹೊರಗೆ ಯಾವ ಊರಾದರೇನು? ಸಂತೆಗೆ ಬಂದವರಲ್ಲಿ ಬಹಳಷ್ಟು ಜನ ಕಲ್ಲು ಕೊಂಡರು, ಅಗ್ಗದ ಸಾಮಾನು ಕೊಂಡರು, ಹೊರಟರು. ಆದರೆ ಆ ವಾಹನಕ್ಕೆ ಒಂದು ಗುಣವಿದೆ. ಹೋಟೆಲಿಲ್ಲದ ಊರಿನಲ್ಲೂ ಅದನ್ನು ನಿಲ್ಲಿಸಬಹುದು, ವಿಮಾನದವರು ಕಾಣದ ಬೀದಿಯಲ್ಲಿ ನಡೆಯಬಹುದು. ಹಾಗೆ ನಡೆಯುತ್ತಲೇ ನಾವು ಆ ಊರಿನ ಮ್ಯೂಸಿಯಂ ಕಂಡೆವು. 1866ರಲ್ಲಿ ಕುದುರೆ ಸಾರೋಟುಗಳ ತಂಗುದಾಣವಾಗಿದ್ದ ಟೈಸನ್ಸ್ ವೆಲ್ ಎಂಬ ಮಣ್ಣಿಟ್ಟಿಗೆಯ ಮನೆ ಅದು. ಗಣಿ ಕೆಲಸಗಾರರ ಗುದ್ದಲಿ, ಅದಿರು ತೂಗುವ ತಕ್ಕಡಿ, ಹಳೆಯ ಸೀಸೆಗಳು, ಅಡುಗೆ ಪಾತ್ರೆ, ಮಸುಕಾದ ಫೋಟೋಗಳು. ಅರಸರದ್ದೆಂದು ಹೇಳುವಂಥ ಒಂದು ವಸ್ತುವೂ ಇಲ್ಲ. ನೋಡಿಕೊಳ್ಳುವವರು ಊರಿನ ಹಿರಿಯರೇ, ಸಂಬಳವಿಲ್ಲದ ಚಾಕರಿ. ಅಲ್ಲಿದ್ದ ಅಜ್ಜಿಯೊಬ್ಬರು ನಮ್ಮ ಹೆಸರು ಕೇಳಿದ ಮೇಲೆ, 'ಹಾಗಾದರೆ ನೀವು ಹೈ ಜಾಲಿಯನ್ನು ನೋಡಲೇಬೇಕು' ಎಂದು ಸ್ಮಶಾನದ ದಾರಿ ತೋರಿಸಿದರು.

ಸ್ಮಶಾನದಲ್ಲಿ ಕಾಡುಗಲ್ಲುಗಳನ್ನು ಜೋಡಿಸಿ ಕಟ್ಟಿದ ಪಿರಮಿಡ್ ಆಕಾರದ ಒಂದು ಗೋರಿ. ತುದಿಯಲ್ಲಿ ಲೋಹದ ಒಂಟೆ. ಹೈ ಜಾಲಿ ಎಂದರೆ ಯಾರು? ಹಾಜಿ ಅಲಿ! ಹೆಸರು ನಾಲಿಗೆಗೆ ಹೊರಳದ ಸಿಪಾಯಿಗಳು ಹಾಜಿಯನ್ನು ಹೈ ಮಾಡಿದರು, ಅಲಿಯನ್ನು ಜಾಲಿ ಮಾಡಿದರು.

ಅವನ ಕತೆ ಹೀಗಿದೆ. ನೀರಿಲ್ಲದ ನೈರುತ್ಯ ಸೀಮೆಯಲ್ಲಿ ಸೈನ್ಯದ ಸಾಮಾನು ಸಾಗಿಸಲು ಒಂಟೆಗಳೇ ಸರಿ ಎಂದು ಯೋಚಿಸಿದ ಅಮೆರಿಕ ಸರ್ಕಾರ 1855ರಲ್ಲಿ 30,000 ಡಾಲರ್ ಮಂಜೂರು ಮಾಡಿತು. 1856ರ ಮೇ ತಿಂಗಳಲ್ಲಿ 34 ಒಂಟೆಗಳನ್ನು ಹೊತ್ತ ಹಡಗು ಟೆಕ್ಸಾಸಿನ ಇಂಡಿಯಾನೋಲಾ ಬಂದರಿಗೆ ಬಂತು, ಮರುವರ್ಷ ಇನ್ನೊಂದು ಹಿಂಡು ಬಂತು. ಒಂಟೆ ಬಂದರಾಯಿತೇ? ಅದನ್ನು ಕೂರಿಸಲು, ಏಳಿಸಲು, ಹೇರು ಕಟ್ಟಲು ಬಲ್ಲವರು ಬೇಕಲ್ಲ. ಅದಕ್ಕಾಗಿ ಪೂರ್ವದ ದೇಶಗಳಿಂದ ಕರೆತಂದ ಒಂಟೆಗಾರರಲ್ಲಿ ಹಾಜಿ ಅಲಿ ಒಬ್ಬ. 1857ರಲ್ಲಿ ಎಡ್ವರ್ಡ್ ಬೀಲ್ ಎಂಬ ಅಧಿಕಾರಿ 25 ಒಂಟೆಗಳೊಂದಿಗೆ ನ್ಯೂ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾದವರೆಗೆ ದಾರಿ ಹುಡುಕಿದ. ಕುದುರೆ, ಹೇಸರಗತ್ತೆಗಳು ಸೋತ ಕಡೆ ಒಂಟೆಗಳು ನಡೆದವು. ಆ ದಾರಿಯನ್ನೇ ಬಹುಮಟ್ಟಿಗೆ ಹಿಡಿದು ಮುಂದೆ ರೈಲು ಬಂತು, ಹೆದ್ದಾರಿ ಬಂತು. ಅಷ್ಟರಲ್ಲಿ ಅಂತರ್ಯುದ್ಧ ಶುರುವಾಗಿ ಒಂಟೆಗಳು ಯಾರಿಗೂ ಬೇಡವಾದವು. 1864ರಲ್ಲಿ ಕೆಲವನ್ನು, 1866ರಲ್ಲಿ ಉಳಿದವನ್ನು ಹರಾಜು ಹಾಕಿದರು. ಹಾಜಿ ಅಲಿ ಅಲ್ಲೇ ಉಳಿದ. ಹೇರು ಸಾಗಿಸಿದ, ಗಣಿ ಹುಡುಕಿದ. 1880ರಲ್ಲಿ ಟೂಸಾನ್ ಪಟ್ಟಣದಲ್ಲಿ ಗರ್ಟ್ರೂಡಿಸ್ ಸೆರ್ನಾ ಎಂಬವಳನ್ನು ಮದುವೆಯಾದ. ಪೌರತ್ವದ ಕಾಗದದಲ್ಲಿ ಅವನ ಹೆಸರು ಫಿಲಿಪ್ ಟೆಡ್ರೊ. 1902ರ ಡಿಸೆಂಬರಿನಲ್ಲಿ ಕ್ವಾರ್ಟ್ಜ್‌ಸೈಟಿನಲ್ಲಿ ತೀರಿಕೊಂಡ. 1935ರಲ್ಲಿ ಅವನಿಗೆ ಗೋರಿ ಕಟ್ಟಿಸಿದ್ದು ಯಾವ ಜಮಾತೂ ಅಲ್ಲ, ಯಾವ ಮುಸ್ಲಿಂ ಸಂಘವೂ ಅಲ್ಲ. ಅರಿಜೋನಾದ ಹೆದ್ದಾರಿ ಇಲಾಖೆ! ರಸ್ತೆಯವರು ರಸ್ತೆ ತುಳಿದವನ ಋಣ ತೀರಿಸಿದರು.

ನಾವು ಅಲ್ಲಿ ಫಾತಿಹಾ ಓದಿದೆವು. ಓದುವಾಗ ಕೊರಳು ಕಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅಷ್ಟಕ್ಕೇ ಮರುಳಾಗಿ 'ನೋಡಿ, ಅಮೆರಿಕವನ್ನೂ ಕಟ್ಟಿದವರು ನಾವೇ' ಎಂದು ಊರಿಗೆ ಬಂದು ಭಾಷಣ ಬಿಗಿದರೆ ಅದು ಬಾದಶಹರ ರೋಗದ ಇನ್ನೊಂದು ರೂಪ. ಹಾಜಿ ಅಲಿ ಸಂತನೇನಲ್ಲ. ಅಪಾಚೆ ಆದಿವಾಸಿಗಳ ಮೇಲೆ ಅಮೆರಿಕದ ಸೈನ್ಯ ನಡೆಸಿದ ದಂಡಯಾತ್ರೆಗಳಲ್ಲಿ ಹೇರಾಳಾಗಿ, ದಾರಿ ತೋರುವವನಾಗಿ ದುಡಿದವನು. ಹೊಟ್ಟೆಪಾಡಿಗಾಗಿ ಬಂದ ಬಡವ ಇನ್ನೊಬ್ಬ ಬಡವನ ನೆಲ ಕಸಿಯುವವರ ಚಾಕರಿ ಮಾಡಿದ. ಇದನ್ನೂ ಸೇರಿಸಿ ಹೇಳಿದರೆ ಮಾತ್ರ ಅದು ಇತಿಹಾಸ. ಬಿಟ್ಟು ಹೇಳಿದರೆ ಲಾವಣಿ.

ಆ ಊರನ್ನೂ ನಾವು ಸುಮ್ಮನೆ ಹೊಗಳುವುದಿಲ್ಲ. ಒಂಟೆಯ ಗೊಂಬೆಯ ಕೆಳಗೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳುವವರಿಗೆ ಹೈ ಜಾಲಿ ಒಂದು ತಮಾಷೆ. ಒಬ್ಬನೇ ಇದ್ದವನು, ಮಕ್ಕಳಿಗೆ ಹೇಳಲು ಸೊಗಸಾದ ಕತೆ ಬಿಟ್ಟುಹೋದವನು, ಯಾರ ಜಮೀನಿನ ಮೇಲೂ ಹಕ್ಕು ಕೇಳದವನು. ಅಂಥ ಪರಕೀಯನಿಗೆ ಗೋರಿ ಕಟ್ಟುವುದು ಸುಲಭ. ಗುಂಪಾಗಿದ್ದವರನ್ನು, ನೆರೆಯಲ್ಲಿದ್ದವರನ್ನು ಅದೇ ದೇಶ ಹೇಗೆ ನೋಡಿಕೊಂಡಿತು ಎಂದು ತಿಳಿಯಲು ಅಲ್ಲಿಂದ ಇನ್ನೊಂದು ಗಂಟೆ ವಾಹನ ಓಡಿಸಬೇಕು.

ಉತ್ತರಕ್ಕೆ, ಕೊಲರಾಡೊ ನದಿಯ ದಂಡೆಯಲ್ಲಿ, ಪೋಸ್ಟನ್ ಎಂಬ ಜಾಗವಿದೆ. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಹಾಕಿದ ಮೇಲೆ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲಗಳಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪೌರರು. ಮಾಡಿದ ತಪ್ಪು? ಅಜ್ಜನ ಊರು. ಪೋಸ್ಟನ್ನಿನ ಮೂರು ಶಿಬಿರಗಳಲ್ಲಿ ಒಂದು ಹಂತದಲ್ಲಿ 17,000ಕ್ಕೂ ಹೆಚ್ಚು ಜನರಿದ್ದರು. ಆ ನೆಲವಾದರೂ ಸರ್ಕಾರದ್ದೇ? 1865ರಲ್ಲಿ ಆದಿವಾಸಿಗಳಿಗೆಂದು ಬಿಟ್ಟುಕೊಟ್ಟ ನೆಲ. 'ನಮಗಾದ ಅನ್ಯಾಯವನ್ನು ನಮ್ಮ ನೆಲದಲ್ಲಿ ಇನ್ನೊಬ್ಬರಿಗೆ ಮಾಡಬೇಡಿ' ಎಂಬ ಅರ್ಥದಲ್ಲಿ ಬುಡಕಟ್ಟಿನ ಸಭೆ ವಿರೋಧಿಸಿತ್ತು. ಕೇಳುವವರು ಯಾರು?

1988ರಲ್ಲಿ ಅಮೆರಿಕದ ಸರ್ಕಾರ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. 1992ರಲ್ಲಿ ಪೋಸ್ಟನ್ನಿನಲ್ಲಿ ಒಂದು ಸ್ಮಾರಕ ಕಂಬ ಎದ್ದಿತು. ಅದನ್ನು ನಿಲ್ಲಿಸಲು ಜಾಗ ಕೊಟ್ಟವರು ಅದೇ ಆದಿವಾಸಿಗಳು. ನೆಲ ಕಳೆದುಕೊಂಡವರು ಸ್ವಾತಂತ್ರ್ಯ ಕಳೆದುಕೊಂಡವರ ನೆನಪಿಗೆ ನೆಲ ಕೊಟ್ಟರು. 2001ರ ಸೆಪ್ಟೆಂಬರ್ ನಂತರ ಅಮೆರಿಕದಲ್ಲಿ ಗಡ್ಡ, ಬುರ್ಖಾ ಕಂಡರೆ ಸಂಶಯಪಡುವ ಕಾಲ ಬಂದಾಗ 'ಮತ್ತೆ ಹಾಗಾಗಬಾರದು' ಎಂದು ಮುಂದೆ ಬಂದು ನಿಂತವರಲ್ಲಿ ಜಪಾನಿ ಮೂಲದ ಅಮೆರಿಕನ್ನರಿದ್ದರು. ಅವರ ನೆನಪು ನಮ್ಮವರ ಬೆನ್ನಿಗೆ ಬಂತು. ಸಣ್ಣ ಊರಿನ ಮ್ಯೂಸಿಯಂ, ಸಣ್ಣ ಊರಿನ ಕಂಬ ಮಾಡಬೇಕಾದ ಕೆಲಸ ಇದೇ.

ಈಗ ನಮ್ಮ ಮನೆಯ ಕತೆ. ನಮ್ಮ ದಾದಾ ತಿಪಟೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ರೈಲು ನಿಲ್ದಾಣದಿಂದ ಪೇಟೆಗೆ, ಪೇಟೆಯಿಂದ ನಿಲ್ದಾಣಕ್ಕೆ ನಲವತ್ತು ವರ್ಷ. ಕೊಬ್ಬರಿ ಸಾಹುಕಾರರನ್ನು ಕೂರಿಸಿಕೊಂಡರು, ಬಾಣಂತಿಯರನ್ನು ಮಗುವಿನೊಂದಿಗೆ ಮನೆ ಮುಟ್ಟಿಸಿದರು, ಪರೀಕ್ಷೆಗೆ ಹೊರಟ ಹುಡುಗರಿಂದ ಕಾಸು ತೆಗೆದುಕೊಳ್ಳಲಿಲ್ಲ. ಊರಿಗೆಲ್ಲ ಅವರು 'ಜಟಕಾ ಸಾಬಿ'. ಅಬ್ದುಲ್ ಖಾದರ್ ಎಂಬ ಹೆಸರು ಎಷ್ಟು ಜನರಿಗೆ ಗೊತ್ತಿತ್ತೋ! ಹಾಜಿ ಅಲಿಯನ್ನು ಹೈ ಜಾಲಿ ಮಾಡಿದ ಸಿಪಾಯಿಗಳ ಮೇಲೆ ಸಿಟ್ಟು ಬಂದಾಗ ನಮಗೆ ನೆನಪಾದದ್ದು ಇದೇ. ಅಲ್ಲಿ ಹೆಸರು ಕೆಡಿಸಿಯಾದರೂ ಕಲ್ಲಿನಲ್ಲಿ ಕೆತ್ತಿದರು. ಇಲ್ಲಿ ಹೆಸರೇ ಇಲ್ಲ.

ದಾದಾ ಬಳಿ ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅಂಗಿಯ ಮೇಲೆ ಚುಚ್ಚಿಕೊಂಡೇ ಗಾಡಿ ಕಟ್ಟುತ್ತಿದ್ದರು. ಒಂದು ಲಗಾಮು, ಎರಡು ಲಾಳ, ಬಾಡಿಗೆಯ ಲೆಕ್ಕವನ್ನು ಉರ್ದುವಿನಲ್ಲಿ ಬರೆದಿಟ್ಟ ಒಂದು ಉದ್ದನೆಯ ಪುಸ್ತಕ. ಯಾವ ಸಾಹುಕಾರ ಎಷ್ಟು ಬಾಕಿ, ಯಾವ ಹಬ್ಬಕ್ಕೆ ಎಷ್ಟು ಸಂಪಾದನೆ, ಕುದುರೆಗೆ ಹುರುಳಿ ಎಷ್ಟಕ್ಕೆ ಸಿಕ್ಕಿತು ಎಲ್ಲ ಅದರಲ್ಲಿತ್ತು. ಮನೆಗೆ ಸುಣ್ಣ ಹೊಡೆಸಿದ ವರ್ಷ ಅವನ್ನೆಲ್ಲ ಗುಜರಿಯವನಿಗೆ ಹಾಕಿದೆವು. ಹಾಕಿದವರು ಯಾವ ದ್ವೇಷಿಗಳೂ ಅಲ್ಲ, ನಾವೇ. ಓದಿ ಮುಂದೆ ಬಂದಿದ್ದೆವಲ್ಲ, ಜಟಕಾ ಎಂದರೆ ನಾಚಿಕೆ. ಅದೇ ವರ್ಷ ಬಿಜಾಪುರಕ್ಕೆ ಹೋಗಿ ಗೋಲಗುಮ್ಮಟದ ಮುಂದಿನ ಮ್ಯೂಸಿಯಮ್ಮಿನಲ್ಲಿ ಕತ್ತಿ, ಗುರಾಣಿ ನೋಡಿ ಎದೆ ಉಬ್ಬಿಸಿಕೊಂಡು ಬಂದೆವು. ನಮ್ಮದಲ್ಲದ ಕತ್ತಿಯ ಮೇಲೆ ಅಷ್ಟು ಅಭಿಮಾನ, ನಮ್ಮದೇ ಲಗಾಮಿನ ಮೇಲೆ ಅಷ್ಟು ಅಸಹ್ಯ!

'ನೀವು ಈ ದೇಶದವರೇ?' ಎಂದು ಇವತ್ತು ಯಾರಾದರೂ ಕೇಳಿದರೆ ನಾವು ಮುಂದಿಡಬೇಕಾದ ದಾಖಲೆ ಆ ಲೆಕ್ಕದ ಪುಸ್ತಕವಾಗಿತ್ತು. ಗುಮ್ಮಟ ಕಟ್ಟಿಸಿದವರು ಬಂದರು, ಹೋದರು. ಊರಿನ ಬಾಣಂತಿಯನ್ನು ಮನೆ ಮುಟ್ಟಿಸಿದವನು ಊರಿನವನಲ್ಲ ಎಂದು ಯಾವ ಬಾಯಿ ಹೇಳೀತು? ಆ ಸಾಕ್ಷಿಯನ್ನು ನಮ್ಮ ಕೈಯಾರೆ ತೂಕಕ್ಕೆ ಮಾರಿ ಈಗ ಬಾದಶಹರ ಬೆನ್ನ ಹಿಂದೆ ಅಡಗುತ್ತಿದ್ದೇವೆ.

ಇದು ಮುಸ್ಲಿಮರೊಬ್ಬರ ತಪ್ಪೂ ಅಲ್ಲ. ನಮ್ಮ ಹೆಚ್ಚಿನ ಸರ್ಕಾರಿ ವಸ್ತು ಸಂಗ್ರಹಾಲಯಗಳಿಗೆ ಹೋಗಿ ನೋಡಿ. ವೀರಗಲ್ಲು, ಶಾಸನ, ಮೂರ್ತಿ, ನಾಣ್ಯ. ಬಿದರಿ ಹೂಜಿಯನ್ನು ಗಾಜಿನೊಳಗಿಟ್ಟು ಶತಮಾನ ಬರೆಯುತ್ತಾರೆ. ಬೆಳ್ಳಿಯ ಎಳೆ ಕೂರಿಸುತ್ತಾ ಕಣ್ಣು ಮಂಜಾದವನ ಹೆಸರು ಯಾರಿಗೂ ಬೇಡ. ಆದರೆ ಬೇರೆ ದಾರಿ ಇಲ್ಲವೆನ್ನಲಾಗದು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ಜಾನಪದ ಲೋಕ ತೆರೆದು ಒಕ್ಕಲು ಮಕ್ಕಳ ಮೊರ, ಒನಕೆ, ನೇಗಿಲುಗಳಿಗೆ ಗೌರವದ ಜಾಗ ಕೊಟ್ಟರು. ಬಂಟ್ವಾಳದಲ್ಲಿ ಅಧ್ಯಾಪಕ ತುಕಾರಾಮ ಪೂಜಾರಿಯವರು ತುಳುವರ ಬದುಕಿನ ಸಾಮಾನುಗಳನ್ನು ಮನೆಮನೆಯಿಂದ ಹೊತ್ತು ತಂದು ಕೂಡಿಸಿದರು. ಮನಸ್ಸು ಮಾಡಿದವರಿಗೆ ಸಾಧ್ಯವಾಗಿದೆ.

'ಹೊಟ್ಟೆಗಿಲ್ಲದವರಿಗೆ ಮ್ಯೂಸಿಯಂ ಯಾಕೆ?' ಎನ್ನುವವರಿದ್ದಾರೆ. ಎರಡೂವರೆ ಸಾವಿರ ಜನರ ಊರು, ಹಳೆಯ ಮಣ್ಣಿನ ಮನೆ, ಸಂಬಳವಿಲ್ಲದ ಅಜ್ಜಿ, ಇಷ್ಟರಲ್ಲೇ ಕ್ವಾರ್ಟ್ಜ್‌ಸೈಟಿನ ಮ್ಯೂಸಿಯಂ ನಡೆಯುತ್ತಿದೆ. ನಮ್ಮಲ್ಲಿ ಮದುವೆಯ ಒಂದು ಹೊತ್ತಿನ ಬಿರಿಯಾನಿಗೆ ಆಗುವ ಖರ್ಚಿನಲ್ಲಿ ಗಾಜಿನ ಬಾಗಿಲಿನ ಎರಡು ಬೀರು ಬರುತ್ತವೆ. 'ಸತ್ತವರ ವಸ್ತು ಇಟ್ಟುಕೊಳ್ಳುವುದು ದೀನಿಗೆ ಒಪ್ಪುತ್ತದೆಯೇ?' ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಬಿನ್ನಹ: ನಾವು ದರ್ಗಾ ಕಟ್ಟಿ ಎನ್ನುತ್ತಿಲ್ಲ, ಚಾದರ ಹೊದಿಸಿ ಎನ್ನುತ್ತಿಲ್ಲ. ಲೆಕ್ಕದ ಪುಸ್ತಕಕ್ಕೆ ಗೆದ್ದಲು ಹಿಡಿಯದಂತೆ ಒಂದು ಜಾಗ ಕೊಡಿ ಎನ್ನುತ್ತಿದ್ದೇವೆ.

ಆ ಕೋಣೆ ಮುಸ್ಲಿಮರದ್ದೇ ಆಗಿರಬೇಕು ಎಂಬ ಹಟವೂ ನಮಗಿಲ್ಲ. ಆಗಬಾರದು ಎಂಬುದೇ ನಮ್ಮ ಹಟ. ಉರ್ದು ಶಾಲೆಯ ಖಾಲಿ ಕೊಠಡಿಯಲ್ಲಿ, ಪುರಸಭೆಯ ಹಳೆಯ ಕಟ್ಟಡದಲ್ಲಿ, ಊರಿನ ವಾಚನಾಲಯದ ಮೂಲೆಯಲ್ಲಿ ಎಲ್ಲಾದರೂ ಸರಿ. ಪಿಂಜಾರರ ಬಿಲ್ಲಿನ ಪಕ್ಕದಲ್ಲಿ ಕ್ಷೌರಿಕರ ಪೆಟ್ಟಿಗೆ ಇರಲಿ, ಚಮ್ಮಾರರ ಉಳಿಯ ಪಕ್ಕದಲ್ಲಿ ಸೂಲಗಿತ್ತಿಯ ಬಟ್ಟಲಿರಲಿ. ಊರಿನಲ್ಲಿ ಗಲಭೆಯಾಗಿದ್ದರೆ ಅದರ ಚೀಟಿಯೂ ಇರಲಿ, ಕೇರಿಗೆ ನೀರು ಬಿಡದಿದ್ದ ಬಾವಿಯ ಫೋಟೋವೂ ಇರಲಿ. ನಮ್ಮ ಮೊಹಲ್ಲಾದವರು ಯಾರಿಗಾದರೂ ಅನ್ಯಾಯ ಮಾಡಿದ್ದರೆ ಅದನ್ನೂ ಬರೆದಿಡೋಣ. ಪ್ರತಿ ವಸ್ತುವಿನ ಕೆಳಗೆ ಅದನ್ನು ಹಿಡಿದ ಕೈಯ ಪೂರ್ತಿ ಹೆಸರು ಇರಲಿ, ಅಡ್ಡಹೆಸರಲ್ಲ.

ಹಿಂದಿನ ತಿಂಗಳು ನಾವು ತಿಪಟೂರಿಗೆ ಹೋಗಿ ಹಳೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆವು. ಬಿಲ್ಲೆ ಸಿಗಲಿಲ್ಲ, ಸಿಗುವುದೂ ಇಲ್ಲ, ಕರಗಿ ಯಾವುದೋ ಮನೆಯ ನಲ್ಲಿಯಾಗಿರಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಈ ರಂಜಾನಿಗೋ ದೀಪಾವಳಿಗೋ ಸುಣ್ಣ ಹೊಡೆಸುವ ಮುಂಚೆ ಒಮ್ಮೆ ಹತ್ತಿ ನೋಡಿ.