ಅಧಿಸೂಚನೆಯಲ್ಲ, ಕರಾರು ಬೇಕು



ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳ ನೀರನ್ನು ಕುಡಿಯುವ ಪಟ್ಟಣಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿಗಳ ಹಸಿರು ಸೆಸ್ ಸೇರಿಸುವ ಪ್ರಸ್ತಾವನೆಯನ್ನು ಸಿದ್ಧಪಡಿಸುವಂತೆ ರಾಜ್ಯದ ಅರಣ್ಯ ಸಚಿವ ಶ್ರೀ ಈಶ್ವರ ಖಂಡ್ರೆಯವರು 2024ರ ನವೆಂಬರಿನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದು ಸದಸ್ಯರಿಗೆ ನೆನಪಿರಬಹುದು. ಆ ಹಣದಿಂದ ಘಟ್ಟದ ಕಾಡನ್ನು ಕಾಪಾಡುವುದು, ಮಾರಲು ಒಪ್ಪುವ ರೈತರಿಂದ ಕಾಡಂಚಿನ ಜಮೀನನ್ನು ಕೊಳ್ಳುವುದು, ಇದು ಅದರ ಉದ್ದೇಶ. ನೀರು ಕುಡಿಯುವವರಿಗೆ ನೀರು ಹುಟ್ಟುವ ನೆಲದ ಋಣವಿದೆ ಎಂಬ ಮಾತನ್ನು ಸರ್ಕಾರದ ಬಾಯಲ್ಲಿ ಕೇಳಿದ್ದು ನಮಗೆ ಸಮಾಧಾನ ತಂದಿದೆ. ಆದರೆ ಜಮೀನನ್ನು ಕೊಂಡು ರೈತನನ್ನು ಕಳುಹಿಸುವುದೊಂದೇ ದಾರಿಯೇ? ರೈತ ತನ್ನ ನೆಲದಲ್ಲೇ ಉಳಿದು, ಆ ನೆಲವನ್ನು ಕಾಯುವ ಕೆಲಸಕ್ಕೆ ಬೆಲೆ ಪಡೆಯುವ ಇನ್ನೊಂದು ದಾರಿಯೂ ಇದೆ. ಬೇರೆ ದೇಶಗಳಲ್ಲಿ ಮೂರು ದಶಕಗಳಿಂದ ಅದು ನಡೆದುಬಂದಿರುವುದರಿಂದ, ಅದರ ಗುಣದೋಷಗಳನ್ನು ಸದಸ್ಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಅಮೆರಿಕದಲ್ಲಿ ಇದಕ್ಕೆ ಸಂರಕ್ಷಣಾ ಈಸ್‌ಮೆಂಟ್ ಎನ್ನುತ್ತಾರೆ. ಜಮೀನಿನ ಒಡೆತನವೆಂದರೆ ಒಂದೇ ಹಕ್ಕಲ್ಲ. ಉಳುವುದು, ಮರ ಕಡಿಯುವುದು, ನೀರು ಬಸಿಯುವುದು, ಮನೆ ಕಟ್ಟುವುದು, ನಿವೇಶನ ಮಾಡಿ ಮಾರುವುದು, ಹೀಗೆ ಹಲವು ಹಕ್ಕುಗಳ ಕಟ್ಟು ಅದು. ಈ ಕಟ್ಟಿನಿಂದ ಒಂದೆರಡನ್ನು ಮಾತ್ರ ಬೆಲೆ ಪಡೆದು ಬಿಟ್ಟುಕೊಟ್ಟು, ಪತ್ರ ಬರೆದು ನೋಂದಾಯಿಸುವುದೇ ಈ ಪದ್ಧತಿ. ಜಮೀನು ಒಡೆಯನದಾಗಿಯೇ ಉಳಿಯುತ್ತದೆ. ಅವನು ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಕರಾರು ಮಾತ್ರ ಜಮೀನಿನ ಜೊತೆಯಲ್ಲೇ ಸಾಗುತ್ತದೆ.

ಆ ದೇಶಕ್ಕೂ ಈ ಬುದ್ಧಿ ಒಂದೇ ದಿನದಲ್ಲಿ ಬಂದದ್ದಲ್ಲ. 1780ರ ದಶಕದಿಂದ ಇನ್ನೂರು ವರ್ಷಗಳಲ್ಲಿ ಅಲ್ಲಿನ ಮುಖ್ಯ ಭೂಭಾಗದ ಜವುಗು ಭೂಮಿಯಲ್ಲಿ ಅರ್ಧಕ್ಕೂ ಮಿಗಿಲಾದದ್ದು ನಾಶವಾಯಿತು. ಜವುಗನ್ನು ಬಸಿದು ಬೇಸಾಯಕ್ಕೆ ತರಲು ಹಿಂದೆ ಸರ್ಕಾರವೇ ಪ್ರೋತ್ಸಾಹ ಕೊಟ್ಟಿತ್ತು. 1985ರ ಕಾಯಿದೆ, ಹೊಸದಾಗಿ ಜವುಗನ್ನು ಬಸಿದು ಬೆಳೆಯಿಡುವವರಿಗೆ ಸರ್ಕಾರದ ಸಹಾಯಧನವನ್ನು ನಿಲ್ಲಿಸಿತು. ದಂಡನೆಯೊಂದೇ ಸಾಲದೆಂದು ಕಂಡು, 1990ರ ಕಾಯಿದೆ ಜವುಗು ಭೂಮಿಯನ್ನು ಉಳಿಸುವವರಿಗೆ ಹಣ ಕೊಡುವ ಯೋಜನೆಯನ್ನು ತಂದಿತು. 2014ರಲ್ಲಿ ಇಂತಹ ಯೋಜನೆಗಳನ್ನೆಲ್ಲ ಒಂದುಗೂಡಿಸಲಾಯಿತು. ಜವುಗು ಭೂಮಿಗೆ ಶಾಶ್ವತ ಕರಾರಾದರೆ ಬಿಟ್ಟುಕೊಟ್ಟ ಹಕ್ಕಿನ ಪೂರ್ಣ ಬೆಲೆ, ಮೂವತ್ತು ವರ್ಷದ ಕರಾರಾದರೆ ಅದರ ಶೇಕಡಾ 50ರಿಂದ 75. ಜವುಗನ್ನು ಮೊದಲಿನ ಸ್ಥಿತಿಗೆ ತರುವ ಖರ್ಚಿನ ಬಹುಪಾಲೂ ಸರ್ಕಾರದ್ದೇ. ಸಾಗುವಳಿ ಭೂಮಿ ನಿವೇಶನವಾಗದಂತೆ ತಡೆಯುವ ಕರಾರಿಗೆ ಕೇಂದ್ರ ಸರ್ಕಾರ ಸಾಮಾನ್ಯವಾಗಿ ಅರ್ಧ ಬೆಲೆಯವರೆಗೆ ಕೊಡುತ್ತದೆ. ಕರಾರನ್ನು ಸ್ಥಳೀಯ ಸಂಸ್ಥೆಯೋ ಭೂ ಟ್ರಸ್ಟೋ ಹಿಡಿಯುತ್ತದೆ. ಅದೇ 2014ರಲ್ಲಿ ಆರಂಭವಾದ ಪ್ರಾದೇಶಿಕ ಸಹಭಾಗಿತ್ವ ಯೋಜನೆಯಲ್ಲಿ ರೈತರ ಸಹಕಾರ ಸಂಘಗಳೂ ಪಾಲುದಾರರಾಗಬಹುದು. ಈ ಕೊನೆಯ ಮಾತನ್ನು ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕು.

ನಮ್ಮ ಪರಿಸ್ಥಿತಿಗೆ ತೀರ ಹತ್ತಿರವಾದದ್ದು ನ್ಯೂಯಾರ್ಕ್ ನಗರದ ಉದಾಹರಣೆ. ಎಂಬತ್ತು ಲಕ್ಷಕ್ಕೂ ಮಿಗಿಲಾದ ಜನರಿರುವ ಆ ನಗರದ ನೀರಿನ ಬಹುಪಾಲು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಆ ಜಲಾನಯನದಲ್ಲಿ ಹೈನುಗಾರಿಕೆ ಮಾಡುವ ರೈತರಿದ್ದಾರೆ. 1989ರಲ್ಲಿ ಕುಡಿಯುವ ನೀರಿನ ಬಗ್ಗೆ ಹೊಸ ನಿಯಮ ಬಂದಾಗ, ನಗರ ನೂರಾರು ಕೋಟಿ ಡಾಲರುಗಳ ಶೋಧನಾ ಘಟಕವನ್ನು ಕಟ್ಟಬೇಕಿತ್ತು, ಇಲ್ಲವೇ ಬೆಟ್ಟದ ನೀರನ್ನು ಮೂಲದಲ್ಲೇ ಶುದ್ಧವಾಗಿಡಬೇಕಿತ್ತು. 1990ರಲ್ಲಿ ನಗರ ರೈತರ ಮೇಲೆ ಕಟ್ಟುನಿಟ್ಟಿನ ಕರಡು ನಿಯಮಗಳನ್ನು ಹೊರಡಿಸಿತು. ಇದರಿಂದ ಕೊಟ್ಟಿಗೆಗೆ ಬೀಗ ಹಾಕಬೇಕಾದೀತೆಂದು ರೈತರು ಸಿಡಿದೆದ್ದರು. ಆಮೇಲೆ ಎರಡೂ ಕಡೆಯವರು ಕುಳಿತು ಮಾತನಾಡಿದರು. ಸೇರುವುದು ರೈತನ ಇಚ್ಛೆ, ಖರ್ಚು ನಗರದ್ದು, ಕಾರ್ಯಕ್ರಮದ ನಿರ್ವಹಣೆ ರೈತರೇ ಇರುವ ಮಂಡಲಿಯದು ಎಂದಾಯಿತು. ಗೊಬ್ಬರದ ಗುಂಡಿ, ಹಳ್ಳದ ಬದಿಯ ಬೇಲಿ, ದನಗಳಿಗೆ ನೀರಿನ ತೊಟ್ಟಿ ಇವೆಲ್ಲ ನಗರದ ಹಣದಲ್ಲಿ ಆದವು. ಶೇಕಡಾ 85ರಷ್ಟು ರೈತರು ಸೇರಬೇಕೆಂಬ ಗುರಿಯೂ ಮುಟ್ಟಿತು. 1997ರ ದೊಡ್ಡ ಒಪ್ಪಂದದಲ್ಲಿ, ನಗರ ಜಮೀನನ್ನು ಕೊಳ್ಳುವುದಾದರೆ ಮಾರಲು ಒಪ್ಪಿದವರಿಂದ ಮಾತ್ರ ಕೊಳ್ಳಬೇಕೆಂದು ಬರೆಯಲಾಯಿತು. ಬೆದರಿಕೆಯಿಂದ ಆಗದ ಕೆಲಸ ಕರಾರಿನಿಂದ ಆಯಿತು.

ನಮ್ಮಲ್ಲಿ ನಡೆದಿರುವುದೇನು? ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚಿನಲ್ಲಿ ಹೊರಟಿತು. ಆರನೆಯ ಕರಡು 2024ರ ಜುಲೈನಲ್ಲಿ ಬಂದಿತು. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿದೆ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಒಂದು ಕಡೆ ಅಧಿಸೂಚನೆ, ಇನ್ನೊಂದು ಕಡೆ ಪ್ರತಿಭಟನೆ. ಹತ್ತು ವರ್ಷ ಹೀಗೆಯೇ ಕಳೆಯಿತು. ಕಾಯುವ ಖರ್ಚು ಯಾರದು ಎಂಬ ಪ್ರಶ್ನೆಗೆ ಮಾತ್ರ ಎರಡೂ ಕಡೆಯಿಂದ ಉತ್ತರವಿಲ್ಲ.

ಆ ಖರ್ಚನ್ನು ಈಗ ಹೊರುತ್ತಿರುವವನು ಸಣ್ಣ ಬೆಳೆಗಾರ. ನೆರಳು ಹೆಚ್ಚಾದರೆ ರೊಬಸ್ಟಾ ಇಳುವರಿ ಕುಗ್ಗುತ್ತದೆಂದು ಅವನಿಗೆ ಗೊತ್ತು. ಕಾಡುಮರ ಬಿದ್ದ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟರೆ ಮೆಣಸಿಗೂ ಆಯಿತು, ಮುಂದೆ ಕಡಿದು ಮಾರಲೂ ಆಯಿತು ಎಂಬ ಲೆಕ್ಕವೂ ಗೊತ್ತು. ಭತ್ತ ಗಿಟ್ಟುವುದಿಲ್ಲವೆಂದು ತಗ್ಗಿನ ಗದ್ದೆಗಳು ಪಾಳು ಬಿದ್ದಿವೆ, ಇಲ್ಲವೇ ಬಸಿಗಾಲುವೆ ತೋಡಿಸಿಕೊಂಡು ಅಡಿಕೆ ತೋಟಗಳಾಗಿವೆ. ಮಳೆಗಾಲದ ನೀರನ್ನು ನಿಲ್ಲಿಸಿ ಇಂಗಿಸುತ್ತಿದ್ದುದು ಇದೇ ಗದ್ದೆ. ಹಾಗೆ ಮಾಡಿದವನನ್ನು ನಾವು ದೂರುವುದಿಲ್ಲ. ಗದ್ದೆಯ ನೀರಿನಿಂದ ಕೆಳಗಿನವರಿಗೆ ಲಾಭ, ಗದ್ದೆಯ ನಷ್ಟ ಮಾತ್ರ ಅವನೊಬ್ಬನದು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಯೋಜನೆಯೊಂದೇ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವಂಥದ್ದು. ಪಂಪಿಗೆ, ಕೊಳವೆಗೆ, ವಿದ್ಯುತ್ತಿಗೆ ಲೆಕ್ಕವಿದೆ. ನೀರನ್ನು ಹಿಡಿದಿಡುವ ನೆಲಕ್ಕೆ ಲೆಕ್ಕವಿಲ್ಲ. ನೆರೆಯ ಕೇರಳ ಇಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. 2008ರಲ್ಲಿ ಭತ್ತದ ಗದ್ದೆ ಮತ್ತು ಜವುಗು ಭೂಮಿಯ ರಕ್ಷಣೆಗೆ ಕಾಯಿದೆ ಮಾಡಿದ ಆ ರಾಜ್ಯ, ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿಗಳ ರಾಯಧನವನ್ನು 2020ರಲ್ಲಿ ಆರಂಭಿಸಿತು. ಮೊತ್ತ ಅಲ್ಪವಾದರೂ ತತ್ವ ದೊಡ್ಡದು.

ಕಾನೂನನ್ನು ಪಾಲಿಸುವುದಕ್ಕೂ ಹಣ ಕೇಳುವಿರಾ ಎಂದು ಕೆಲವರು ಪ್ರಶ್ನಿಸಬಹುದು. ಇಲ್ಲ. ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡದಿರುವುದು ನಮ್ಮ ಕರ್ತವ್ಯ. ಅದಕ್ಕೆ ಬೆಲೆ ಕೇಳುವ ಮುಖ ನಮಗಿಲ್ಲ, ಆ ವಿಷಯದಲ್ಲಿ ನಮ್ಮ ಮನೆಯಂಗಳವನ್ನು ನಾವೇ ಗುಡಿಸಿಕೊಳ್ಳಬೇಕು. ಕಾನೂನು ಕೇಳಿದ್ದಕ್ಕಿಂತ ಹೆಚ್ಚಿನದನ್ನು ಮಾಡುವವನಿಗೆ, ಮಾಡಬಹುದಾದ ಲಾಭವನ್ನು ಬಿಟ್ಟವನಿಗೆ ಮಾತ್ರ ಬೆಲೆ ಸಲ್ಲಬೇಕು.

ಹಾಗೆಂದು ಅಮೆರಿಕದ ಪದ್ಧತಿಯನ್ನು ಇದ್ದಂತೆಯೇ ತರಬೇಕೆಂದು ನಾವು ಹೇಳುವುದಿಲ್ಲ. ಶಾಶ್ವತ ಕರಾರು ಎಂದರೆ ಮೊಮ್ಮಕ್ಕಳ ಕೈಯನ್ನೂ ಇಂದೇ ಕಟ್ಟಿದಂತೆ. ಎರಡು ಮೂರು ಎಕರೆಯ ಹಿಡುವಳಿದಾರ ಅದಕ್ಕೆ ಸುಲಭವಾಗಿ ಸಹಿ ಹಾಕಬಾರದು. ನಮ್ಮ 1882ರ ಈಸ್‌ಮೆಂಟ್ ಕಾಯಿದೆ ಮೊದಲು ಅನ್ವಯವಾದ ಪ್ರಾಂತಗಳಲ್ಲಿ ಕೊಡಗೂ ಒಂದು. ಆದರೆ ಅದು ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಇರುವ ದಾರಿ, ನೀರು ಮುಂತಾದ ಹಕ್ಕುಗಳಿಗೆ ಸಂಬಂಧಿಸಿದ್ದು. ದೂರದ ಪಟ್ಟಣಕ್ಕಾಗಿ ಗದ್ದೆ ಉಳಿಸುವ ಕರಾರಿಗೆ ಅದು ಒಗ್ಗದು. ಆದ್ದರಿಂದ ಹತ್ತು ವರ್ಷಗಳ ಅವಧಿಯ, ಮುಗಿದ ಮೇಲೆ ಇಬ್ಬರೂ ಒಪ್ಪಿದರೆ ಮುಂದುವರಿಯುವ ಕರಾರು ನಮಗೆ ಮೇಲು.

ಸರ್ಕಾರದ ಮುಂದೆ ನಾವಿಡುವ ಬೇಡಿಕೆಗಳು ಇಷ್ಟೇ. ಸೆಸ್ ಬಂದಲ್ಲಿ ಅದರ ಒಂದು ಭಾಗ ಜಮೀನು ಖರೀದಿಗಲ್ಲದೆ, ಗದ್ದೆ, ಕೆರೆ, ಹಳ್ಳದಂಚು ಮತ್ತು ಕಾಡುಮರಗಳ ನೆರಳನ್ನು ಉಳಿಸುವ ಬೆಳೆಗಾರನಿಗೆ ವರ್ಷ ವರ್ಷ ಸಲ್ಲಬೇಕು. ಸೇರುವುದು ಬಿಡುವುದು ಅವನ ಇಚ್ಛೆಯಾಗಿರಬೇಕು. ಕರಾರು ಕನ್ನಡದಲ್ಲಿರಬೇಕು, ಯಾರು, ಯಾವಾಗ, ಏನನ್ನು ತಪಾಸಣೆ ಮಾಡುವರೆಂಬುದು ಅದರಲ್ಲೇ ಸ್ಪಷ್ಟವಿರಬೇಕು. ಬಾಣೆ, ಸೊಪ್ಪಿನಬೆಟ್ಟಗಳ ಹಕ್ಕುಪತ್ರದ ತೊಡಕನ್ನು ನೆಪ ಮಾಡಿ ಸಣ್ಣವರನ್ನು ಹೊರಗಿಡಬಾರದು. ಒಬ್ಬೊಬ್ಬ ರೈತ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಸಹಕಾರ ಸಂಘವೇ ಪಾಲುದಾರನಾಗಿ ಲೆಕ್ಕ ನೋಡಿಕೊಳ್ಳಲು ಅವಕಾಶವಿರಬೇಕು.

ಪ್ರಸ್ತಾವನೆಯೊಂದು ಕಾಯಿದೆಯಾಗುವ ಮುನ್ನವೇ ಅದರ ಬಗ್ಗೆ ಮಾತನಾಡುವುದು ಸುಲಭ; ಆದ ಮೇಲೆ ಉಳಿಯುವುದು ಆಕ್ಷೇಪಣೆಯ ಅರ್ಜಿ ಮಾತ್ರ. ಮುಂಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡು, ನಿರ್ಣಯವೊಂದನ್ನು ಅಂಗೀಕರಿಸಿ ಕಳುಹಿಸುವುದು ಸೂಕ್ತವೆಂದು ನಮ್ಮ ಅಭಿಪ್ರಾಯ. ಸದಸ್ಯರು ತಮ್ಮ ಗದ್ದೆ, ಕೆರೆ, ನೆರಳುಮರಗಳ ವಿವರವನ್ನು ಬರೆದು ತಂದರೆ ಚರ್ಚೆಗೆ ಬಲ ಬರುವುದರಲ್ಲಿ ಸಂದೇಹವಿಲ್ಲ.