ಕಳ್ಳ ಒಳಗಿದ್ದಾನೆಂದೇ ತಿಳಿದು ಲೆಕ್ಕ ಇಡೋಣ



ಬಿಳಿ ಕಾಂಡಕೊರಕವನ್ನು ಬಲ್ಲ ಕಾಫಿ ಬೆಳೆಗಾರರಿಗೆ ಈ ಮಾತು ಹೊಸದೆನಿಸಲಾರದು. ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆಯಿಂದ ಬಂದ ಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಕೊರೆಯುತ್ತಿರುತ್ತದೆ; ಎಲೆ ಹಳದಿಯಾಗುವ ಹೊತ್ತಿಗೆ ಗಿಡದ ಕಥೆ ಮುಗಿದಿರುತ್ತದೆ. ಆದುದರಿಂದಲೇ ನಾವು ಹುಳು ಕಾಣಲೆಂದು ಕಾಯುವುದಿಲ್ಲ. ನೆರಳು ಉಳಿಸುತ್ತೇವೆ, ತೊಗಟೆ ಉಜ್ಜುತ್ತೇವೆ, ಗಿಡಗಿಡ ನೋಡಿ ಸಂಶಯ ಬಂದುದನ್ನು ಕಿತ್ತು ಸುಡುತ್ತೇವೆ.

ಸಂಘದ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಎಲೆ ಹಳದಿಯಾಗಲೆಂದು ಕಾಯುತ್ತಿದ್ದೇವೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಒಳ್ಳೆಯದೇ. ಆದರೆ ಆಂಟಿವೈರಸ್ ಹಾಕಿಸಿದೆವು ಎಂದಷ್ಟಕ್ಕೇ ನಿಶ್ಚಿಂತರಾಗಬಹುದೇ? ಪುಣೆಯ ಕಾಸ್ಮಾಸ್ ಬ್ಯಾಂಕ್ ನಮ್ಮಂತೆಯೇ ಸಹಕಾರಿ ಸಂಸ್ಥೆ, 1906ರಷ್ಟು ಹಳೆಯದು. 2018ರ ಆಗಸ್ಟ್‌ನಲ್ಲಿ ಕಳ್ಳರು ಅದರ ಎಟಿಎಂ ವ್ಯವಸ್ಥೆಯ ಪಕ್ಕದಲ್ಲಿ ಒಂದು ನಕಲಿಯನ್ನು ನಿಲ್ಲಿಸಿದರು. ಹಣ ಕೊಡಲೇ ಎಂದು ಯಂತ್ರ ಕೇಳಿದಾಗಲೆಲ್ಲ, ಬ್ಯಾಂಕಿನ ಲೆಕ್ಕವನ್ನು ಕೇಳದೆ, ಆ ನಕಲಿಯೇ 'ಕೊಡು' ಎಂದಿತು. ಹೋದದ್ದು ಸುಮಾರು 94 ಕೋಟಿ. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಂತೂ ವಹಿವಾಟಿನ ಚೀಟಿ ಅಚ್ಚಾಗುವ ಪ್ರಿಂಟರನ್ನೇ ಕೆಡಿಸಿಟ್ಟಿದ್ದರು! ನಮ್ಮ ರಾಜ್ಯ ಸರ್ಕಾರದ ಇ-ಟೆಂಡರ್ ವ್ಯವಸ್ಥೆಯಿಂದಲೂ 2019ರಲ್ಲಿ ಗುತ್ತಿಗೆದಾರರ ಠೇವಣಿ ಹಣ ಸುಮಾರು 11.5 ಕೋಟಿ ಜಾರಿತು.

ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಅರುಣ್ ಸೂದ್ ಎಂಬ ಪ್ರಾಧ್ಯಾಪಕರು ಇದಕ್ಕೊಂದು ಬೇರೆ ದಾರಿ ಹಿಡಿದರು. ಕಳ್ಳ ಬಂದನೋ ಇಲ್ಲವೋ ಎಂದು ಅವರ ವ್ಯವಸ್ಥೆ ಕೇಳುವುದೇ ಇಲ್ಲ. ಹಲವು ಯಂತ್ರಗಳು ಸರದಿಯಲ್ಲಿ ದುಡಿಯುತ್ತವೆ. ಸ್ವಲ್ಪ ಹೊತ್ತು ದುಡಿದದ್ದನ್ನು ಹೊರಗೆಳೆದು, ಪೂರ್ತಿ ತೊಳೆದು, ಶುದ್ಧ ಪ್ರತಿಯಿಂದ ಮತ್ತೆ ನಿಲ್ಲಿಸುತ್ತಾರೆ. ಒಳಗೆ ಹೊಕ್ಕವನಿಗೆ ಬೇರು ಬಿಡಲು ಸಮಯವೇ ಸಿಗದು. ಕದ್ದ ಪಾಸ್‌ವರ್ಡಿಗೆ ಮಾತ್ರ ಇದು ಮದ್ದಲ್ಲ.

ನಮ್ಮಂಥ ಸಂಘಕ್ಕೆ ಅಷ್ಟು ಯಂತ್ರಗಳು ಎಲ್ಲಿಂದ ಬರಬೇಕು? ಬೇಡ. ಶಿವಮೊಗ್ಗದಲ್ಲಿ ಬರೆದ ದೊಡ್ಡ ಪಾವತಿಗೆ ಭದ್ರಾವತಿ ಶಾಖೆಯವರು ತಮ್ಮದೇ ಬೇರೆ ಕಂಪ್ಯೂಟರಿನಿಂದ ಒಪ್ಪಿಗೆ ಕೊಡಲಿ. ಹೊಸ ಖಾತೆಗೆ ಹೋಗುವ ಹಣ ಒಂದು ದಿನ ತಡೆದು ಹೋಗಲಿ. ದಿನದ ಲೆಕ್ಕದ ಪ್ರತಿಯೊಂದು ತಂತಿ ಕಿತ್ತ ಡಿಸ್ಕಿನಲ್ಲಿ ಬೀರುವಿನೊಳಗಿರಲಿ, ಹಳೆಯ ಪ್ರತಿಗಳನ್ನು ಅಳಿಸುವುದು ಬೇಡ. ಹುಳು ಹೊಕ್ಕದ್ದು ಮೂರು ತಿಂಗಳ ಹಿಂದೆಯೂ ಇರಬಹುದಲ್ಲ! ಅಡಿಕೆ ತೂಕದ ಚೀಟಿಯನ್ನು ಕೈಯಲ್ಲೇ ಬರೆದು ಸದಸ್ಯರಿಗೆ ಕೊಡುವುದನ್ನು ದಯವಿಟ್ಟು ನಿಲ್ಲಿಸಬಾರದು. ಅದನ್ನು ಯಾವ ಕಳ್ಳನೂ ದೂರದಿಂದ ತಿದ್ದಲಾರ.

ಅಡಿಕೆ ಹಣ ತಡವಾಯಿತೆಂದು ಗೊಣಗುವವರು ಇದ್ದೇ ಇರುತ್ತಾರೆ. ಮನೆಯಲ್ಲಿ ಮದುವೆ ನಿಶ್ಚಯವಾದಾಗ ನಾನೂ ಗೊಣಗಿದವನೇ. ಆದರೂ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ. ಸದಸ್ಯ ಬಂಧುಗಳು ತಮ್ಮ ತಮ್ಮ ತೂಕದ ಚೀಟಿಗಳನ್ನು ತಂದರೆ, ಕಂಪ್ಯೂಟರಿನ ಲೆಕ್ಕದೊಡನೆ ಅಲ್ಲಿಯೇ ತಾಳೆ ನೋಡಬಹುದು.