ಎಂಬತ್ತು ಸೋಲು ಯಾರ ಲೆಕ್ಕಕ್ಕೆ?

ಒಂದು ಕಾಲೇಜು ತಂಡ ಸತತ 80 ಪಂದ್ಯ ಸೋತರೆ ನಾವು ಏನು ಹೇಳುತ್ತೇವೆ? "ಈ ಹುಡುಗರಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ" ಅಂತ ಕೈ ಕೊಡವಿ ಎದ್ದು ಹೋಗುತ್ತೇವೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ರೇರಿ ವ್ಯೂ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ 1989ರಿಂದ 1998ರವರೆಗೆ ಸೋತದ್ದು ಸರಿಯಾಗಿ ಅಷ್ಟೇ ಪಂದ್ಯ. 1991ರ ಒಂದು ಋತುವನ್ನೇ ನೋಡಿ: ಆಡಿದ್ದು 11, ಸೋತದ್ದೂ 11. ಗಳಿಸಿದ ಅಂಕ 48, ಬಿಟ್ಟುಕೊಟ್ಟದ್ದು 617. ದೇಶವೇ ನಕ್ಕಿತು.

ಅಲ್ಲಿಯ ಫುಟ್ಬಾಲ್ ನಮ್ಮ ಮಕ್ಕಳು ಗದ್ದೆಯಲ್ಲಿ ಒದೆಯುವ ಚೆಂಡಿನ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡುವುದು, ಅಡ್ಡ ಬಂದವನನ್ನು ಕೆಡವುವುದು. ದೇಹಬಲ ಬೇಕು, ತರಬೇತಿ ಬೇಕು, ಎಲ್ಲಕ್ಕೂ ದುಡ್ಡು ಬೇಕು.

ಇದೇ ತಂಡದ ಹಳೆಯ ದಾಖಲೆ ಬೇರೆಯೇ ಉಂಟು. 1876ರಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಹುಟ್ಟಿದ ಸಂಸ್ಥೆ ಅದು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಳ್ಳೊಳ್ಳೆಯ ಆಟಗಾರರು ಇಲ್ಲಿಗೆ ಬರುತ್ತಿದ್ದರು. ಕೋಚ್ ಬಿಲ್ಲಿ ನಿಕ್ಸ್ ಅವರ ಕೈಯಲ್ಲಿ 1953, 1954, 1958, 1963, 1964ರಲ್ಲಿ ಕಪ್ಪು ಕಾಲೇಜುಗಳ ರಾಷ್ಟ್ರೀಯ ಪಟ್ಟ ಈ ತಂಡದ್ದೇ. ಆಮೇಲೆ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ತೆರೆಯಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಭೆಗಳು ಅತ್ತ ಹೋದವು.

ಅದರ ಮೇಲೆ ಹಣದ ಅವ್ಯವಹಾರ. 1990ರ ಋತುವನ್ನೇ ಕೈಬಿಡಬೇಕಾಯಿತು. ಮರುವರ್ಷ ತಂಡ ಮೈದಾನಕ್ಕೆ ಮರಳಿದ್ದು ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದೆ. ಎದುರಾಳಿಗಳಿಗೆ ಅದು ಇತ್ತು. ನಮ್ಮ ತಕರಾರು ಇಲ್ಲಿಯೇ. ಲೆಕ್ಕ ಕೆಡಿಸಿದವರು ಆಫೀಸಿನಲ್ಲಿದ್ದವರು, ಸೋಲು ಬರೆದದ್ದು ಹುಡುಗರ ಹೆಸರಿಗೆ. ತಾವಾಗಿ ಬಂದು, ಸೋಲುತ್ತೇವೆಂದು ಗೊತ್ತಿದ್ದೂ ಶನಿವಾರ ಶನಿವಾರ ಮೈದಾನಕ್ಕಿಳಿದ ಆ ವಿದ್ಯಾರ್ಥಿಗಳನ್ನು ಹೇಡಿಗಳೆನ್ನಲು ನಮಗಂತೂ ಬಾಯಿ ಬರುವುದಿಲ್ಲ. ಹಾಗಂತ ಸೋಲನ್ನೇ ಹೊಗಳಿ ಹಾರ ಹಾಕುವುದೂ ಬೇಡ. ಆ ಹುಡುಗರಿಗೆ ಬೇಕಾಗಿದ್ದದ್ದು ಕನಿಕರವಲ್ಲ, ಸೌಲಭ್ಯ. ನಮ್ಮ ಮನೆಯ ಮಗ ಕಾಲೇಜು ತಂಡದಲ್ಲಿ ಆಡಿ ಸೋತು ಬಂದರೆ "ಎಷ್ಟು ಗೋಲು ತಿಂದೆ?" ಅಂತ ಕೇಳುವ ಮೊದಲು "ನಿಮಗೆ ಕೋಚ್ ಇದ್ದಾರಾ? ಶೂ ಯಾರು ಕೊಟ್ಟರು?" ಅಂತ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

1998ರ ಸೆಪ್ಟೆಂಬರ್ 26ರಂದು ಒಕ್ಲಹೋಮಾದಲ್ಲಿ ಲ್ಯಾಂಗ್‌ಸ್ಟನ್ ತಂಡದ ವಿರುದ್ಧ ಪ್ರೇರಿ ವ್ಯೂ 14-12ರಿಂದ ಗೆದ್ದಿತು. ಎರಡೇ ಅಂಕದ ಅಂತರ. ಸ್ಕಾಲರ್‌ಶಿಪ್ ಮರಳಿ ಬಂದ ಮೇಲೆ, 2009ರಲ್ಲಿ, ಅಲಬಾಮಾ ಎ ಆ್ಯಂಡ್ ಎಂ ತಂಡವನ್ನು 30-24ರಿಂದ ಸೋಲಿಸಿ ತನ್ನ ಕಾನ್ಫರೆನ್ಸ್‌ನ ಪಟ್ಟವನ್ನೇ ಮನೆಗೆ ತಂದಿತು. 1964ರ ನಂತರ ಅದೇ ಮೊದಲು.